ಎರೆಭೂತಕ್ಕೆ ಮೂರು ಹೆಸರು, ಜಾಗ ಮಾತ್ರ ಇಲ್ಲ

ಸೊಲ್ಲಾಪುರದ ಮರಾಠಿ ಮಂದಿ ಮಾಳಢೋಕ್ ಅಂತಾರ, ತೆಲುಗರು ಬಟ್ಟಮೇಕ, ನಾವು ಎರೆಭೂತ. ಹೆಸರಿಗಷ್ಟೇ ಭೂತ. ಹದಿನೈದು ಕಿಲೋವರೆಗೂ ತೂಗುವ ಈ ಹಕ್ಕಿ ನೆಲದ ಮೇಲೆ ನಡೆದಾಡಿ ಮಿಡತೆ, ಜೀರುಂಡೆ ಹೆಕ್ಕಿ ತಿಂತದ. ಶೇಂಗಾನೂ ಒಂದಿಷ್ಟು ತಿಂತದ, ಸುಳ್ಳು ಯಾಕೆ ಹೇಳಲಿ. ತತ್ತಿ ಸಾಮಾನ್ಯವಾಗಿ ಒಂದೇ, ಅದೂ ಬರೀ ನೆಲದ ಮೇಲೆ.

1979ರಲ್ಲಿ ಇದಕ್ಕಾಗಿ ನಾನ್ನಜ್ ಸುತ್ತಮುತ್ತ 8,496 ಚದರ ಕಿಲೋಮೀಟರ್ ಅಭಯಾರಣ್ಯವೆಂದು ಬರೆದರು. ಊರು, ಪೇಟೆ, ಪಟ್ಟಾ ಜಮೀನು ಎಲ್ಲಾ ಅದರೊಳಗೆ ಬಂತು. ಹೊಲ ಮಾರಲಿಕ್ಕೂ ತೊಡಕು. ಗೆರೆ ಎಳೆದವರನ್ನು ಬಿಟ್ಟು ರೈತ ಹಕ್ಕಿಯನ್ನೇ ಬೈದ. ಮುಂದೆ ಅದನ್ನು ಸುಮಾರು 1,222ಕ್ಕೆ ಇಳಿಸಿದರು. ಅಷ್ಟೊತ್ತಿಗೆ ಉಜನಿ ನೀರು ಬಂದು ಜೋಳದ ಹೊಲಗಳು ಕಬ್ಬಾಗಿದ್ದವು. ನಾನ್ನಜ್‌ನಲ್ಲಿ ಈಗ ಹಕ್ಕಿ ಕಂಡರೆ ಅದೇ ಸುದ್ದಿ. ನಮ್ಮ ಸಿರುಗುಪ್ಪದ ಎರೆ ಹೊಲದಲ್ಲೂ ಬೆರಳೆಣಿಕೆಯಷ್ಟೇ.

ಕಾಯ್ದೆ ಬ್ಯಾಡ ಅನ್ನೋನಲ್ಲ ನಾನು. ಆದರೆ ಒಣಬೇಸಾಯದ ಜೋಳ ಬಿತ್ತುವವನಿಗೆ, ಗಾಯರಾಣ ಬೀಳು ಬಿಟ್ಟ ಊರಿಗೆ ಎಕರೆ ಲೆಕ್ಕದಲ್ಲಿ ರೊಕ್ಕ ಕೊಡಲಿ. ಕಬ್ಬಿನ ದರ ಕೇಂದ್ರ ಮೊದಲೇ ಸಾರ್ತದ. ಜೋಳದ ಬೆಂಬಲ ಬೆಲೆ ಕಾಗದದಾಗೇ ಉಳೀತದ. ಅಕ್ಕಲಕೋಟೆ ಅಡತಿ ಸಾಹುಕಾರರೇ, ಹಿಂಗಾದರೆ ಜೋಳ ಬಿತ್ತುವವರು ಯಾರು?