ಏರಿದರೆ ನಮ್ಮ ಹೊರೆ, ಇಳಿದರೆ ಅವರ ಗಂಟು

ಪೆಟ್ರೋಲ್ ದುಬಾರಿಯಾದಾಗಲೆಲ್ಲ ‘ಅಂತಾರಾಷ್ಟ್ರೀಯ ಮಾರುಕಟ್ಟೆ ಸ್ವಾಮಿ, ಏನ್ ಮಾಡೋಕಾಗುತ್ತೆ?’ ಅಂತಾರೆ. ನಿಜ, ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಹೊರಗಿನದ್ದು. ಆದರೆ 2020ರಲ್ಲಿ ಅದೇ ಮಾರುಕಟ್ಟೆ ನೆಲಕಚ್ಚಿದಾಗ ಆಗಿದ್ದೇನು? ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ ಲೀಟರ್ ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ತೆರಿಗೆ ಏರಿಸಿತು. ಮರುವರ್ಷ ಕಚ್ಚಾತೈಲ ಮತ್ತೆ ಏರಿತು, ಬೆಂಗಳೂರಲ್ಲಿ ಪೆಟ್ರೋಲ್ ನೂರು ದಾಟಿತು. ತೆರಿಗೆ ಇಳಿಯೋಕೆ ನವೆಂಬರ್ ಬರಬೇಕಾಯ್ತು.

ನಾನೇನೋ ಬಂಕಿನಲ್ಲಿ ಗೊಣಗಿ, ಸಂಬಳದಲ್ಲಿ ಸರಿದೂಗಿಸ್ತೀನಿ. ಆದರೆ ಗಾಡಿಯೇ ಇಲ್ಲದ ನಮ್ಮ ಮನೆಗೆಲಸದಾಕೆಯೂ ಕೋಲಾರದಿಂದ ಲಾರಿಯಲ್ಲಿ ಬರೋ ಟೊಮೆಟೊ ಕೊಂಡಾಗ ಅದೇ ಡೀಸೆಲ್ ತೆರಿಗೆ ಕಟ್ತಾಳೆ. ಅವಳಿಗೆ ಇನ್‌ಕ್ರಿಮೆಂಟ್ ಕೊಡೋ ಮಾರುಕಟ್ಟೆ ಯಾವುದು ಸ್ವಾಮಿ?