ಅಗ್ನಿಶಿಲೆಗಳಿಗೊಂದು ದಿನ

ಜ್ವಾಲಾಮುಖಿ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಹವಾಯಿಗೋ ಜಾವಾ ದ್ವೀಪಕ್ಕೋ ಹಾರುತ್ತದೆ. ಪಠ್ಯಪುಸ್ತಕದ ಚಿತ್ರಗಳೂ ಅಲ್ಲಿಯವೇ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ವಿದ್ಯಾರ್ಥಿಯು ಅಗ್ನಿಶಿಲೆಯನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಶಾಲಾ ಕಾಲೇಜುಗಳ ವಾರ್ಷಿಕ ಪ್ರವಾಸದಲ್ಲಿ ಒಂದು ದಿನವನ್ನಾದರೂ ಕಲ್ಲುಗಳಿಗೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ.

ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳನ್ನೇ ನೋಡೋಣ. ಅಲ್ಲಿಯ ಕಂಬಗಳು ಶಿಲ್ಪಿಯು ಕಡೆದವಲ್ಲ, ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಶಿಲಾರಸವು ಆರಿ ಆದವು. ಆರುವಾಗ ಕಲ್ಲು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬೇಸಗೆಯಲ್ಲಿ ನಮ್ಮ ಎರೆಹೊಲಗಳು ಬಿರಿಯುವುದೂ ಕುಗ್ಗುವಿಕೆಯಿಂದಲೇ. ಅಲ್ಲಿ ತೇವ ಹೋಗುತ್ತದೆ, ಇಲ್ಲಿ ಶಾಖ ಹೋಗುತ್ತದೆ. ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದರೆ ಅಲ್ಪ ಬಿರುಕಿನಿಂದಲೇ ಹೆಚ್ಚಿನ ಬಿಗಿತ ಸಡಿಲುತ್ತದೆ. ಆದುದರಿಂದಲೇ ಷಟ್ಕೋನದ ಕಂಬಗಳು ಹೆಚ್ಚು. ಐದು, ಏಳು ಮುಖಗಳವೂ ಉಂಟು. ನಿಧಾನವಾಗಿ ಆರಿದ ಕಂಬ ದಪ್ಪ, ಬೇಗ ಆರಿದುದು ಸಪೂರ.

ಇನ್ನೂ ಸಮೀಪದಲ್ಲಿ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಳಿ, ತಲೆದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾಶಿಲೆಯಿದೆ. ಶಿಲಾರಸವು ನೀರಿನೊಳಗೆ ಹೊಮ್ಮಿದಾಗ ಅದರ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ. ಒಳಗಿನ ರಸವು ಅದನ್ನು ಸೀಳಿ ಮತ್ತೊಂದು ದಿಂಬಾಗಿ ಉಬ್ಬುತ್ತದೆ. ಮಳೆ ಕಡಮೆಯಾದ ಆ ಬಯಲು ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳವಾಗಿತ್ತೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ರಾಣೆಬೆನ್ನೂರಿನಿಂದ ಬೆಳಿಗ್ಗೆ ಹೊರಟರೆ ಇದನ್ನು ನೋಡಿ ಸಂಜೆಗೆ ಮರಳಬಹುದು.

ಭೂಗರ್ಭದ ಶಾಖವನ್ನು ಕೈಯಿಂದಲೇ ಮುಟ್ಟಬೇಕೆನ್ನುವವರಿಗೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ. ಬಿಸಿನೀರಿರುವಲ್ಲೆಲ್ಲ ಜ್ವಾಲಾಮುಖಿ ಇರಬೇಕೆಂದಿಲ್ಲ. ಭೂಮಿಯೊಳಗೆ ಒಂದು ಕಿಲೋಮೀಟರು ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ಸಿನಷ್ಟು ಶಾಖ ಏರುತ್ತದೆ. ಆಳಕ್ಕಿಳಿದ ನೀರು ಬಿಸಿಯಾಗಿ ಮೇಲೇರಲು ಅಷ್ಟು ಸಾಕು. ಜೀವಂತ ಜ್ವಾಲಾಮುಖಿಯೂ ನಮ್ಮ ದೇಶದಲ್ಲಿ ಇಲ್ಲದಿಲ್ಲ. ಅಂಡಮಾನಿನ ಬ್ಯಾರನ್ ದ್ವೀಪವು 1991ರಿಂದೀಚೆಗೆ ಹಲವು ಬಾರಿ ಬೆಂಕಿಯುಗುಳಿದೆ.

“ಇದು ಪರೀಕ್ಷೆಗೆ ಬರುವುದಿಲ್ಲವಲ್ಲ!” ಎಂದು ಕೆಲವರು ಆಕ್ಷೇಪಿಸಬಹುದು. ಶಾಖದ ವಹನ, ಘನಪದಾರ್ಥಗಳ ಸಂಕೋಚನ ಇವು ಪರೀಕ್ಷೆಗೆ ಬರುವ ವಿಷಯಗಳೇ. ಕೋನಮಾಪಕ, ಅಳತೆಪಟ್ಟಿ, ಟಿಪ್ಪಣಿಪುಸ್ತಕ ಇಷ್ಟನ್ನು ಕೊಟ್ಟು ಇಪ್ಪತ್ತು ಕಂಬಗಳ ಮುಖಗಳನ್ನು ಎಣಿಸಿ, ಕೋನಗಳನ್ನು ಅಳೆಯಲು ಹೇಳಿದರೆ, ವಿದ್ಯಾರ್ಥಿಯು ಸರಾಸರಿ ಎಂದರೇನೆಂಬುದನ್ನೂ ಕಲಿತು ಬರುತ್ತಾನೆ, ಕಲಿತು ಬರುತ್ತಾಳೆ.

ಆದರೆ ಒಂದು ನಿಯಮವನ್ನು ಮೊದಲೇ ವಿಧಿಸಬೇಕು. ಈ ಎರಡು ಶಿಲಾಸ್ಥಾನಗಳನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿದೆ. ಅಲ್ಲಿ ಕಲ್ಲನ್ನು ಒಡೆಯುವುದಾಗಲಿ, ಹೆಸರನ್ನು ಕೆತ್ತುವುದಾಗಲಿ ಕೂಡದು. ಮುರಿದ ಗಾಜಿನ ನಳಿಕೆಗೆ ಬದಲಾಗಿ ಹೊಸದನ್ನು ತರಿಸಬಹುದು. ಕೋಟಿ ವರ್ಷಗಳ ಕಂಬವನ್ನು ಯಾವ ಅಂಗಡಿಯಿಂದ ತರಿಸೋಣ?