ಕಡಲ ಕಾವಲು ಘಟ್ಟದ ಮೇಲಿಂದ

ಕಡಲನ್ನು ಉಳಿಸುವ ನಾಗರಿಕ ವಿಜ್ಞಾನವೆಂದರೆ ಆಮೆಗಳ ಗೂಡು ಎಣಿಸುವುದು, ದಡಕ್ಕೆ ಬಿದ್ದ ಪ್ಲಾಸ್ಟಿಕ್ಕಿನ ಲೆಕ್ಕ ಬರೆಯುವುದು ಎಂದೇ ಹಲವರು ತಿಳಿದಿದ್ದಾರೆ. ಆ ಕೆಲಸಗಳು ಬೇಕು. ಆದರೆ ಅವು ಕುಮಟೆ, ಹೊನ್ನಾವರದವರ ಪಾಲಿನವು ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಸುಮ್ಮನಿರಬಹುದೇ? ಕೂಡದು. ಕಡಲ ಕಾವಲು ಘಟ್ಟದ ಮೇಲಿಂದಲೇ ಶುರುವಾಗಬೇಕು.

ಕಾರಣ ನಮ್ಮ ಹೊಳೆಗಳು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ ತದಡಿಯ ಬಳಿ ಕಡಲು ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಜಿಗಿಯುವ ಬೇಡ್ತಿಯೇ ಮುಂದೆ ಅಂಕೋಲೆಯ ಗಂಗಾವಳಿ. ಅಳಿವೆಯ ಬದುಕು ನಿಂತಿರುವುದು ಸಿಹಿನೀರು, ಉಪ್ಪುನೀರುಗಳ ಹದದ ಮೇಲೆ. ಮಳೆಗಾಲದಲ್ಲಿ ಘಟ್ಟದ ನೀರು ಉಪ್ಪನ್ನು ತಗ್ಗಿಸಿದರೆ ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಕಗ್ಗ ತಳಿಯ ಭತ್ತ ಬೆಳೆಯುತ್ತದೆ. ಬೇಸಿಗೆಯಲ್ಲಿ ಉಪ್ಪು ಮತ್ತೆ ಏರಿದರೆ ಬಳಚು ಎಂಬ ಚಿಪ್ಪುಜೀವಿ ಬಲಿಯುತ್ತದೆ. ಈ ಹದ ತಪ್ಪಿದರೆ ಏನಾಗುತ್ತದೆಂಬುದನ್ನು ಪಕ್ಕದ ಶರಾವತಿ ತೋರಿಸಿದೆ. ಜಲವಿದ್ಯುತ್ ಯೋಜನೆಯ ಸಿಹಿನೀರು ವರ್ಷವಿಡೀ ಹರಿದು ಬರತೊಡಗಿದ ಮೇಲೆ ಅಲ್ಲಿನ ಅಳಿವೆಯಲ್ಲಿ ಉಪ್ಪಿನಂಶ ಕುಸಿದು ಚಿಪ್ಪುಜೀವಿಗಳು ಕ್ಷೀಣಿಸಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಅಣೆಕಟ್ಟು ಕಾಣದ ಅಘನಾಶಿನಿಯ ಅಳಿವೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಅದನ್ನು ಉಳಿಸುವ ಹೊಣೆ ಹೊಳೆಯ ಇಡೀ ಉದ್ದಕ್ಕೂ ಇದೆ.

ಘಟ್ಟದ ಮೇಲಿನವರು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಅಡಿಕೆಯ ಕೊಳೆರೋಗದ ಭಯಕ್ಕೆ ದಿನವೂ ಮಳೆ ಅಳೆದು ಬರೆದಿಡುವ ತೋಟಿಗರು ಇಲ್ಲಿದ್ದಾರೆ. ಅದೇ ಪುಸ್ತಕದಲ್ಲಿ ಹಳ್ಳದ ನೀರಿನ ಮಟ್ಟ, ಕೆಂಪು ನೀರು ಬಂದ ದಿನ, ಹರಿವು ನಿಂತ ದಿನ ಸೇರಲಿ. ಕಲ್ಲಿನಡಿಯ ಕೀಟದ ಮರಿಗಳನ್ನು ಗುರುತಿಸಲು ಶಾಲೆಯ ಮಕ್ಕಳೂ ಕಲಿಯಬಲ್ಲರು. ಅವುಗಳಲ್ಲಿ ಕೆಲವು ಕೊಳಕು ನೀರಿನಲ್ಲಿ ಬದುಕುವುದಿಲ್ಲ. ಕೊಳೆರೋಗ ತಡೆಯಲು ನಾವು ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವೂ ನೀರಿನ ಜೀವಿಗಳಿಗೆ ವಿಷವೇ. ಅದು ತೋಟದಿಂದ ಹಳ್ಳಕ್ಕೆ ಎಷ್ಟು ಇಳಿಯುತ್ತಿದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ನೀರಿನ ಮಾದರಿ ಕೊಡುವ ಧೈರ್ಯವನ್ನೂ ನಾವು ತೋರಬೇಕು.

ಸಾಮಾನ್ಯರ ಲೆಕ್ಕವನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಂಬಿಕೆ ಬರುವುದು ಬರೆದವರ ಪದವಿಯಿಂದಲ್ಲ, ಬರೆಯುವ ಶಿಸ್ತಿನಿಂದ. ಅದೇ ಜಾಗ, ಅದೇ ಹೊತ್ತು, ಅದೇ ಅಳತೆ. ಏನೂ ಕಾಣದ ದಿನ ‘ಏನೂ ಇಲ್ಲ’ ಎಂದೇ ಬರೆಯುವ ಪ್ರಾಮಾಣಿಕತೆ. ಆಗಾಗ ತಜ್ಞರ ತಪಾಸಣೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು ನಡೆಸಿದ ಜೀವವೈವಿಧ್ಯ ದಾಖಲಾತಿ ಇದು ಸಾಧ್ಯವೆಂದು ತೋರಿಸಿತು. ವರ್ಷಕ್ಕೊಂದು ದಿನದ ಉತ್ಸಾಹದಿಂದ ಮಾತ್ರ ಇದು ಆಗದು.

ಲೆಕ್ಕ ಬರೆದ ಮಾತ್ರಕ್ಕೆ ಕಡಲು ಉಳಿದೀತೇ, ಸರಕಾರದ ಹೊಣೆಯನ್ನು ಜನರ ಬಿಟ್ಟಿ ದುಡಿಮೆಗೆ ವರ್ಗಾಯಿಸಿದಂತಾಗದೇ ಎಂದೂ ಕೇಳಬಹುದು. ದಾಖಲೆ ಕಾನೂನಿನ ಬದಲಿಗೆ ನಿಲ್ಲುವುದಿಲ್ಲ, ನಿಜ. ಆದರೆ ದಾಖಲೆಯಿಲ್ಲದ ಅಹವಾಲಿಗೆ ಬಲವಿಲ್ಲ. 1981ರಲ್ಲಿ ಶಿರಸಿಯಲ್ಲಿ ತಜ್ಞರೂ ತೋಟಿಗರೂ ಒಟ್ಟಿಗೆ ಕೂತು ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟವನ್ನೇ ಪರಿಶೀಲಿಸಿದರು. ಕೊನೆಗೆ ಆ ಯೋಜನೆ ನಿಂತಿತು. ಈಗ ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ನದಿ ಜೋಡಣೆಯ ಪ್ರಸ್ತಾವಗಳು ಎದುರಿಗಿವೆ. ಕಡಲಿಗೆ ಹರಿಯುವ ನೀರು ವ್ಯರ್ಥ ಎಂಬ ಮಾತು ಮತ್ತೆ ಕೇಳುತ್ತಿದೆ. ಹಳ್ಳದಲ್ಲಿ ಎಷ್ಟು ನೀರಿತ್ತು, ಅದು ಇಳಿದಾಗ ಅಳಿವೆಯಲ್ಲಿ ಏನಾಯಿತು ಎಂದು ವರ್ಷಗಟ್ಟಲೆ ಬರೆದಿಟ್ಟವರು ಆ ಮಾತಿಗೆ ಅಂಕಿಗಳಲ್ಲೇ ಉತ್ತರ ಕೊಡಬಲ್ಲರು.

ಆದ್ದರಿಂದ ಈ ದಾಖಲೆ ಊರಿನದಾಗಿಯೇ ಉಳಿಯಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಳ್ಳದ ಪುಸ್ತಕ ಕನ್ನಡದಲ್ಲಿ, ಯಾರು ಬೇಕಾದರೂ ನೋಡುವಂತೆ ಅಲ್ಲಿರಲಿ. ವರ್ಷಕ್ಕೊಮ್ಮೆ ಘಟ್ಟದ ಮೇಲಿನ ತೋಟಿಗರೂ ಅಘನಾಶಿನಿಯಲ್ಲಿ ಬಳಚು ಆಯುವವರೂ ಎದುರುಬದುರು ಕೂತು ತಮ್ಮ ಲೆಕ್ಕಗಳನ್ನು ತಾಳೆ ನೋಡಲಿ. ಒಂದೇ ಹೊಳೆಯ ಎರಡು ತುದಿಯವರು ಹೀಗೆ ಒಂದೇ ದಾಖಲೆಯ ಹಿಂದೆ ನಿಂತರೆ, ಅವರನ್ನು ಕೇಳದೆ ಆ ಹೊಳೆಯ ಬಗ್ಗೆ ತೀರ್ಮಾನ ಮಾಡುವುದು ಯಾರಿಗೂ ಸುಲಭವಾಗದು.